ಮರಳಗುಡ್ಡೆಯ ತಂಪು

ಗಾಳಿಯಲ್ಲ, ಗಾಳಿಯಾಗಿದ್ದರೆ ಹಗ್ಗದ ಮೇಲಿನ ಲುಂಗಿ ಅಲ್ಲಾಡಬೇಕಿತ್ತು, ಅದು ಸುಮ್ಮನೆ ನೇತಾಡುತ್ತಿದೆ, ಆದರೂ ಮರಳಗುಡ್ಡೆಯ ಮೇಲಂಚಿನಿಂದ ನೂಲಿನಷ್ಟು ಸಪೂರ ಮರಳು ಇಳಿಯುತ್ತಿದೆ, ಇಳಿದು ಸೇಸಪ್ಪನ ಬುತ್ತಿಯ ಮುಚ್ಚಳದ ಮೇಲೆ ಬೀಳುತ್ತಿದೆ, ಚರಚರ, ಮುಚ್ಚಳದ ಪಕ್ಕದಲ್ಲಿ ಅವನ ಎರಡು ಅಂಗಾಲು, ಸಿಮೆಂಟು ಮೆತ್ತಿ ಬಿರಿದ ಅಂಗಾಲು, ಉಳಿದ ಸೇಸಪ್ಪ ಪೂರ್ತಿ ಗುಡ್ಡೆಯ ಒಳಗೆ ನಿದ್ದೆಯಲ್ಲಿ — ಹಾಳಾದವನು, ಎಷ್ಟು ಸಲ ಹೇಳಿದೆ, ನಾನು ಮಹಾಬಲ ಫೋರ್‌ಮನ್ ಅಂತ ಹೆಸರಿಗೆ ಮಾತ್ರ, ಹೆಂಡತಿಯ ತಮ್ಮನೇ ನನ್ನ ಮಾತು ಕೇಳುವುದಿಲ್ಲ. ನಿನ್ನೆ ಇಲ್ಲಿ ಯಾರೂ ಹೋಗಬಾರದೆಂದು ಹಗ್ಗ ಕಟ್ಟಿಸಿದೆ, ಇವತ್ತು ಅದೇ ಹಗ್ಗದ ಮೇಲೆ ಅವನ ಲುಂಗಿ ಒಣಗುತ್ತಿದೆ. ಮೊದಲು ನೀರಿನ ಹೂಜಿ ತಂಪಾಗಿರಲಿ ಅಂತ ಗುಡ್ಡೆಯ ಬುಡದಲ್ಲಿ ಒಂದು ಗುಂಡಿ, ಆಮೇಲೆ ತಲೆಗೆ ನೆರಳು ಬೇಕೆಂದು ಇನ್ನಷ್ಟು, ಆಮೇಲೆ ಬೆನ್ನಿಗೆ, ಈಗ ಮನುಷ್ಯ ಮಲಗುವಷ್ಟು ಉದ್ದದ ಗವಿ, ಈ ಅರಬರ ನಾಡಿನ ಇಡೀ ಹಮದ್ ಟೌನ್‌ನಲ್ಲಿ ಇವನೊಬ್ಬನಿಗೇ ಬಿಸಿಲು ನೋಡಿ. ನೀವೂ ಬನ್ನಿ ಭಾವ, ಒಳಗೆ ಏಸಿ ಇದ್ದ ಹಾಗೆ ಉಂಟು, ಅಂತ ನನ್ನನ್ನೇ ಕರೆದಿದ್ದ. ಬಿದ್ದರೆ ಎಂತ ಮಾಡ್ತಿ ಮಾರಾಯ? ಖಲ್ಲಿವಲ್ಲಿ ಭಾವ, ಬಿಟ್ಟುಬಿಡಿ, ಇಷ್ಟು ದಿನ ಬೀಳದ್ದು ಇವತ್ತು ಬೀಳ್ತದಾ?

ಬೀಳುತ್ತದೆ, ಇವತ್ತೇ ಬೀಳುತ್ತದೆ, ಮೇಲೆ ಬಿರುಕು ಬಿಟ್ಟಿದೆ, ಬೆಳಿಗ್ಗೆ ಇರಲಿಲ್ಲ, ಈಗ ಹೆಬ್ಬೆರಳು ತೂರುವಷ್ಟಾಗಿದೆ, ಕಾವಲಿಯ ಮೇಲೆ ದೋಸೆಯ ಅಂಚು ಏಳುವ ಹಾಗೆ ಮರಳಿನ ಅಂಚು ಎದ್ದಿದೆ — ರಾತ್ರಿಯೆಲ್ಲ ಸಮುದ್ರದ ತೇವ ಕುಡಿದು ಗೋಡೆಯ ಹಾಗೆ ನಿಂತ ಮರಳು ಇದು, ಬಿಸಿಲಿಗೆ ತೇವ ಆರಿದ ಮೇಲೆ ಯಾವುದು ಯಾವುದನ್ನು ಹಿಡಿದಿದೆಯೋ ದೇವರಿಗೇ ಗೊತ್ತು, ನಿನ್ನೆ ಸಂಜೆ ಮರಳು ತುಂಬುವ ಲೋಡರು ಬೇರೆ ಆಚೆ ಬದಿಯಿಂದ ಬುಡ ಕಚ್ಚಿ ಹೋಗಿದೆ. ಹತ್ತಿರ ಹೋಗಲೇ, ನನ್ನ ಹೆಜ್ಜೆಯೇ ಸಾಕು. ಕಾಲು ಹಿಡಿದು ಎಳೆಯಲೇ, ಕೂಗಲೇ, ಅಯ್ಯೋ ಕೂಗಬಾರದು, ಸೇಸಪ್ಪ ಏಳುವ ರೀತಿ ನನಗೆ ಗೊತ್ತಿಲ್ಲವೇ, ನಾವಿರುವ ಗುದೈಬಿಯಾದ ರೂಮಿನಲ್ಲಿ ಅವನು ಕೆಳಗಿನ ಮಂಚ, ನಾನು ಮೇಲಿನದು, ಅಲಾರಂ ಹೊಡೆದರೆ ಸಾಕು, ಎರಡೂ ಕಾಲು ಸರಕ್ಕನೆ ಎಳೆದುಕೊಂಡು ಧಡಕ್ಕನೆ ಎದ್ದು ಕೂರುತ್ತಾನೆ, ತಲೆ ನನ್ನ ಹಲಗೆಗೆ ಬಡಿಯುತ್ತದೆ, ಅಯ್ಯಯ್ಯೋ ಭಾವ ಡ್ಯೂಟಿಗೆ ಲೇಟಾಯ್ತು, ದಿನಾ ಇದೇ, ದಿನಾ ಬೈಗುಳ, ದಿನಾ ನಗು. ಇಲ್ಲಿ ತಲೆಯ ಮೇಲೆ ಹಲಗೆಯಿಲ್ಲ, ಮರಳು. ಊರಿನಿಂದ ಹೊರಡುವಾಗ ಹೆಂಡತಿ ಕುಸುಮಾವತಿ ಹೇಳಿದ್ದೂ ಅದೇ, ಅವನಿಗೆ ನಿದ್ರೆ ಜಾಸ್ತಿ, ನೀವೇ ಎಬ್ಬಿಸ್ಬೇಕು ಆಯ್ತಾ, ಆಯ್ತು ಮಾರಾಯ್ತಿ ಅಂದಿದ್ದೆ, ಎಬ್ಬಿಸಬಾರದ ಹೊತ್ತೂ ಬರುತ್ತದೆ ಅಂತ ಅವಳಿಗೇನು ಗೊತ್ತು, ನನಗೇನು ಗೊತ್ತು. ಹೆದರಿಕೆಯಾಗುತ್ತಿದೆ, ಸುಳ್ಳು ಯಾಕೆ. ಮೆಲ್ಲಗೆ ಹಿಂದೆ ಸರಿಯಬೇಕು, ಆ ಗೋಡೆಯ ನೆರಳಲ್ಲಿ ಮಲಗಿದವರನ್ನು ಎಬ್ಬಿಸಿ ಸೆಂಟ್ರಿಂಗ್ ಹಲಗೆ ತರಿಸಬೇಕು, ಅಂಚಿಗೆ ಆನಿಕೆ ಕೊಟ್ಟು ಆಮೇಲೆ ಅವನನ್ನು ಚಾಪೆಯ ಸಮೇತ ಹೊರಗೆ ಜಾರಿಸಬೇಕು, ಅಲ್ಲಿಯವರೆಗೆ ಮಲಗಿರು ತಮ್ಮ, ಚೆನ್ನಾಗಿ ಮಲಗಿರು.

ಚರಚರ, ಮುಚ್ಚಳದ ಮೇಲೆ ಈಗ ಸಣ್ಣದೊಂದು ಗುಪ್ಪೆ, ಒಂದು ಕಾಲಿನ ಬೆರಳು ಅಲುಗಿತು, ನೊಣ ಇರಬೇಕು, ಅಲುಗಬೇಡ — ಅಲ್ಲಿ, ದೂರದಲ್ಲಿ, ಆಂತೋನಿ, ನಮ್ಮ ಟೈಂಕೀಪರ್, ತೂಗುಹಾಕಿದ ಕಬ್ಬಿಣದ ತುಂಡಿನ ಹತ್ತಿರ ನಿಂತಿದ್ದಾನೆ, ಊಟದ ಬಿಡುವು ಮುಗಿಯಿತೆಂದು ಬಾರಿಸುವ ತುಂಡು, ಕೈಯಲ್ಲಿ ಸುತ್ತಿಗೆ, ನನ್ನನ್ನೇ ನೋಡುತ್ತಿದ್ದಾನೆ, ಗಡಿಯಾರ ತೋರಿಸುತ್ತಿದ್ದಾನೆ, ಹೊತ್ತಾಯ್ತಲ್ಲ ಎನ್ನುತ್ತಿದ್ದಾನೆ, ಬೇಡ ಆಂತೋನಿ, ಕೂಗುವ ಹಾಗಿಲ್ಲ, ಓಡುವ ಹಾಗಿಲ್ಲ, ಕೈ ಎತ್ತಿದೆ, ಅಂಗೈ ಅಗಲಿಸಿ ಎತ್ತಿ ಹಿಡಿದೆ, ನಿಲ್ಲು, ನಿಲ್ಲು ಅಂತ. ಆಂತೋನಿ ನಕ್ಕು ತಲೆಯಾಡಿಸಿದ. ಸದ್ಯ, ತಿಳಿಯಿತು ಅವನಿಗೆ — ತಲೆಯಾಡಿಸಿ ಸುತ್ತಿಗೆ ಮೇಲೆತ್ತಿದ, ಯಾಕೆ ಎತ್ತುತ್ತಾನೆ, ಅಯ್ಯೋ ಈ ಕೈ, ದಿನಾ ನಾನು ಈ ಕೈ ಎತ್ತಿದ ಮೇಲೆಯೇ ಅಲ್ಲವೇ ಅವನು ಬಾರಿಸುವುದು, ಇಳಿಸು, ಕೈ ಇಳಿಸು ಮಹಾಬಲ — ಠಣ್ — ಎರಡು ಅಂಗಾಲು ಸರಕ್ಕನೆ ಒಳಗೆ ಹೋದವು, ಎರಡು ಅಂಗಾಲು, ಇಲ್ಲೇ ಇದ್ದವು, ಸಿಮೆಂಟು ಮೆತ್ತಿದ್ದವು, ಚರಚರ ಇಲ್ಲ, ಮುಚ್ಚಳ ಇಲ್ಲ, ಗವಿ ಇಲ್ಲ, ಕುಸಿದ ಮರಳು ಮಾತ್ರ, ಎತ್ತಿದ ಕೈ ಇನ್ನೂ ಮೇಲೆಯೇ ಇದೆ, ಎರಡು ಅಂಗಾಲು, ಸರಕ್ಕನೆ, ಎರಡು ಅಂಗಾಲು