ಮೇಲಿನ ಪಿನ್ನು ಬಿಳಿ

ಲೇ ಕಿಶನ್, ನಮ್ಮ ಕಾಮಿಕ್ಸ್ ವಾಟ್ಸಾಪ್ ಗ್ರೂಪಿನಲ್ಲಿ ಏನು ಬರೆದಿದ್ದೀಯಲಾ ಅದು? ‘ಆಚಾರಜ್ಜನಿಗೆ ವಯಸ್ಸಾಯ್ತು, ಬೆಳ್ಳೂರಿನ ಕತೆ ಸರಿಯಾಗಿ ನೆನಪಿಲ್ಲ, ಜಯಕುಮಾರನೇ ಅಯಸ್ಕಾಂತ ಹಿಡಿದು ಅಜ್ಜನ ಕಳ್ಳಾಟ ಪತ್ತೆ ಮಾಡಿದ್ದು’ ಅಂತ. ಅದಕ್ಕೆ ಹದಿನಾಲ್ಕು ಜನ ಹೆಬ್ಬೆಟ್ಟು ಬೇರೆ ಎತ್ತಿದ್ದೀರಿ. ನಾಚಿಕೆಯಾಗಬೇಕು ನಿಮಗೆ. ಬೆಳಿಗ್ಗೆ ಗಾಡಿ ಕೀ ಎಲ್ಲಿಟ್ಟೆವು ಅನ್ನುವುದೇ ನಿಮಗೆ ಸಂಜೆಗೆ ನೆನಪಿರುವುದಿಲ್ಲ. ನನಗೆ ಎಪ್ಪತ್ತಾರು. ಹದಿನಾರನೇ ವಯಸ್ಸಿನಲ್ಲಿ ಪಾಂಡವಪುರದಲ್ಲಿ ಯಾರ ಮೂಗುಬೊಟ್ಟಿಗೆ ಎಷ್ಟು ಗುಂಜಿ ಚಿನ್ನ ಹಾಕಿದೆ ಅಂತ ಈಗಲೂ ಹೇಳಬಲ್ಲೆ. ಕೂತುಕೊಂಡು ಪೂರ್ತಿ ಕೇಳಿ. ವೇಗ ಜಾಸ್ತಿ ಮಾಡಿಕೊಂಡು ಕೇಳಬೇಡಿ, ನನ್ನ ದನಿ ಕೋತಿ ಕಿರುಚಿದ ಹಾಗೆ ಕೇಳುತ್ತದಂತೆ.

ಹೊಸದಾಗಿ ಸೇರಿದವರಿಗೆ ಹೇಳುತ್ತೇನೆ. ನಾನು ಸುರೇಂದ್ರಾಚಾರಿ, ಅಕ್ಕಸಾಲಿಗರ ಮನೆಯವನು. ಗಾಜಿನ ಬಾಗಿಲಿನ ಒಡವೆ ಅಂಗಡಿಗಳು ಬಂದಮೇಲೆ ನಮ್ಮ ಕುಲುಮೆಯ ಮುಂದೆ ಕೂರುವವರಿಲ್ಲದಂತಾಯಿತು. ಶ್ರೀರಂಗಪಟ್ಟಣಕ್ಕೆ ಬಂದು, ಕೋಟೆ ನೋಡಲು ಬರುವವರಿಗೆ ಹಳೇ ನಾಣ್ಯ ಮಾರುತ್ತಾ ಕೂತೆ. ಒಂದು ದಿನ ರದ್ದಿಯವನೊಬ್ಬ ಮೈಸೂರಿನ ಯಾವುದೋ ಬಂಗಲೆಯಿಂದ ತಂದ ಇಂಗ್ಲಿಷ್ ಕಾಮಿಕ್ಸಿನ ಕಟ್ಟೊಂದನ್ನು ನನ್ನ ತಲೆಗೆ ಕಟ್ಟಿ ಹೋದ. ಅದರಲ್ಲೊಂದನ್ನು ಪ್ರವಾಸಿಯೊಬ್ಬ ಕೇಳಿದಷ್ಟು ಕೊಟ್ಟು ಕೊಂಡ. ಆವತ್ತಿನಿಂದ ಇದೇ ಕಸುಬು. ಅಮೆರಿಕದ್ದು, ಇಂಗ್ಲೆಂಡಿನದು, ಅರವತ್ತು ಎಪ್ಪತ್ತು ವರ್ಷ ಹಿಂದಿನದು. ಇಂಗ್ಲಿಷ್ ಓದಲು ಈಗಲೂ ಬರುವುದಿಲ್ಲ. ಕಾಗದದ ಅಂಚು ಮುಟ್ಟಿದರೆ ಅದರ ವಯಸ್ಸು ಹೇಳುತ್ತೇನೆ.

ಆ ಪುಸ್ತಕಗಳಿಗೆಲ್ಲ ಒಂದೇ ರೋಗ. ನಡುವೆ ಹೊಡೆದ ಎರಡು ಪಿನ್ನುಗಳು ತುಕ್ಕು ಹಿಡಿದು ಕಾಗದವನ್ನು ತಿನ್ನುತ್ತವೆ. ತುಕ್ಕಿನ ಮಾಲನ್ನು ಗಿರಾಕಿಯ ಕೈಗಿಡುವುದು ನಮ್ಮಪ್ಪ ಕಲಿಸಿದ ಕೆಲಸವಲ್ಲ. ಪಿನ್ನು ಬಿಡಿಸಿ, ಬೆಳ್ಳಿ ತಂತಿಯನ್ನು ಅದೇ ದಪ್ಪಕ್ಕೆ ಎಳೆದು, ಹಳೇ ತೂತಿನಲ್ಲೇ ತೂರಿಸಿ ಮಡಚುತ್ತಿದ್ದೆ. ಬೆಳ್ಳಿ ಹೊಳೆಯುತ್ತದಲ್ಲ, ಅದಕ್ಕೆ ಗಂಧಕದ ಹೊಗೆ ತೋರಿಸಿ ಮೊದಲೇ ಕಪ್ಪು ಮಾಡಿರುತ್ತಿದ್ದೆ. ಮೊದಲ ಎರಡು ಪುಸ್ತಕಕ್ಕೆ ಹೀಗೆ ಮಾಡಿದಾಗ ಅದು ತಪ್ಪು ಅಂತ ಗೊತ್ತಿರಲಿಲ್ಲ. ಆಮೇಲೆ ಗೊತ್ತಾಯಿತು. ಈ ವ್ಯಾಪಾರದಲ್ಲಿ ಹುಟ್ಟಿದ ಪಿನ್ನು ಹುಟ್ಟಿದ ಹಾಗೇ ಇರಬೇಕು. ಬದಲಾಯಿಸಿದರೆ ಬಾಯಿಬಿಟ್ಟು ಹೇಳಬೇಕು, ಹೇಳಿದರೆ ಬೆಲೆ ಕಾಲುಭಾಗಕ್ಕೆ ಬೀಳುತ್ತದೆ. ನಾನು ಹೇಳಲಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡಿದ್ದೇನೆ, ಮುಂದೆ ಕೇಳಿ.

ಎರಡು ವರ್ಷದ ಹಿಂದೆ, ಆಷಾಢ. ಅಕ್ಕಿಹೆಬ್ಬಾಳಿನಿಂದ ನಿಂಗಮ್ಮ ಅಂತ ಒಬ್ಬಾಕೆ, ಎಂಬತ್ತು ದಾಟಿದವಳು, ಮೊಮ್ಮಗಳು ಹರ್ಷಿತಳನ್ನು ಕರೆದುಕೊಂಡು ನನ್ನ ಅಂಗಡಿಗೆ ಬಂದಳು. ಆಕೆ ಪ್ರಾಯದಲ್ಲಿ ಅಲ್ಲಿನ ರೈಲ್ವೆ ಸ್ಟೇಷನ್ನಿನ ಹತ್ತಿರ ಇದ್ದ ಒಬ್ಬ ಆಂಗ್ಲೋ ಇಂಡಿಯನ್ ಗಾರ್ಡಿನ ಮನೆಯಲ್ಲಿ ಅಡುಗೆ ಮಾಡುತ್ತಿದ್ದಳು. ಗಾರ್ಡಿಗೆ ಮಕ್ಕಳಿಲ್ಲ. ಇಂಗ್ಲೆಂಡಿನಲ್ಲಿದ್ದ ಅವನ ತಂಗಿ ಹೊಸ ಕಾಮಿಕ್ಸಿನ ಕಟ್ಟು ಕಳಿಸುತ್ತಿದ್ದಳು, ಅವನೇ ಓದಿ ನಗುತ್ತಿದ್ದ. ರಿಟೈರಾಗಿ ಹೋಗುವಾಗ ಪೆಟ್ಟಿಗೆ ಸಮೇತ ನಿಂಗಮ್ಮನಿಗೆ ಕೊಟ್ಟುಹೋದ. ಆಕೆ ಒಂದೊಂದೇ ತೆಗೆದು ಒಲೆ ಹಚ್ಚಿದಳು, ಡಬ್ಬಿಗಳ ಕೆಳಗೆ ಹಾಸಿದಳು. ಪೆಟ್ಟಿಗೆಯ ತಳದಲ್ಲಿ ಒಂದು ಉಳಿದಿತ್ತು.

ಆ ಒಂದನ್ನು ಹರ್ಷಿತ ಟವೆಲಿನಿಂದ ಬಿಡಿಸಿದಳು. ಮುಖಪುಟದಲ್ಲಿ ಸೈಕಲ್ ತುಳಿಯುವ ಪೆಂಗ್ವಿನ್. ಇಂಗ್ಲೆಂಡಿನ ವಾರಪತ್ರಿಕೆಯ ಮೊಟ್ಟಮೊದಲ ಸಂಚಿಕೆ. ಮೊದಲ ಸಂಚಿಕೆಯ ಜೊತೆ ಮಕ್ಕಳಿಗೆ ಆಟದ ಸಾಮಾನೊಂದನ್ನು ಪುಕ್ಕಟೆ ಕೊಡುತ್ತಿದ್ದರು. ಇದರಲ್ಲಿ ಮಡಚಿದ ಕಾಗದದ ಪಟಾಕಿ, ಜೋರಾಗಿ ಬೀಸಿದರೆ ಪಟ್ ಅನ್ನುವಂಥದ್ದು. ಯಾವ ಮಗುವಾದರೂ ಮೊದಲ ದಿನವೇ ಹರಿದಿರುತ್ತದೆ. ಮಕ್ಕಳಿಲ್ಲದ ಮನೆಯಾದ್ದರಿಂದ ಇದು ಹಾಗೇ ಇತ್ತು.

“ಯಾರ್ಗಯ್ಯಾ ಬೇಕು ಈ ಬಾತುಕೋಳಿ?” ಅಂದಳು ನಿಂಗಮ್ಮ, ಊರಿಗೆಲ್ಲ ಕೇಳುವ ಹಾಗೆ. ಆಕೆಗೆ ಎರಡು ಕಿವಿಯೂ ಮಂದ.

“ಬೇಕಾದೋರು ಅವ್ರೆ ಕಣಕ್ಕ,” ಅಂತ ನಾನೂ ಕೂಗಿದೆ.

“ಮಾರ್ಕೊಡು. ಕಿವಿ ಮಿಷನ್ ಆಕುಸ್ಕಬೇಕು, ಎಲ್ಡಕ್ಕೂ. ಮನೇಲಿ ಯಾರ್ ಮಾತಾಡುದ್ರೂ ನನ್ನೇ ಬಯ್ತಾವ್ರೆ ಅನ್ನುಸ್ತದೆ.”

“ಬಯ್ಯೋದೂ ಉಂಟು,” ಅಂದಳು ಮೊಮ್ಮಗಳು ಮೆಲ್ಲಗೆ.

“ಏನಂದ್ಲು?”

“ಏನೂ ಇಲ್ಲ ಬುಡಕ್ಕ.”

ಆ ಪುಸ್ತಕದ ಬೆಲೆಯಲ್ಲಿ ಎರಡು ಕಿವಿಗೂ ಮಿಷನ್ನು ಬಂದು ಮೇಲೂ ಮಿಗುತ್ತಿತ್ತು. ಹರ್ಷಿತ ಮುಖಪುಟದ ಒಂದು ಫೋಟೊ ತೆಗೆದುಕೊಂಡಳು, ಪುಸ್ತಕ ನನ್ನ ಕೈಗೆ ಕೊಟ್ಟಳು. ರಸೀದಿಯಿಲ್ಲ, ಚೀಟಿಯಿಲ್ಲ, ಬರೀ ನಂಬಿಕೆ. ನಾನು ಏನು ಮಾಡಿದೆ? ಪಿನ್ನು ತುಕ್ಕು ಹಿಡಿದಿತ್ತು. ಕೈ ಸುಮ್ಮನಿರಲಿಲ್ಲ. ಅವತ್ತೇ ಬೆಳ್ಳಿ ತಂತಿ ಎಳೆದೆ.

ಬೆರಳು ಜಾರಿ ರೆಕಾರ್ಡಿಂಗು ನಿಂತುಹೋಗಿತ್ತು. ಹೂಂ, ಮುಂದಕ್ಕೆ.

ಬೆಳ್ಳೂರು ಕ್ರಾಸಿನ ಜಯಕುಮಾರ್ ನಿಮಗೆಲ್ಲ ಗೊತ್ತು. ಹೆದ್ದಾರಿ ಹೋಟೆಲಿನ ಪಕ್ಕ ಅಂಗಡಿ, ಮುಂದೆ ಮೊಬೈಲ್ ಕವರು, ಒಳಗೆ ಕಾಮಿಕ್ಸು. ಹೊರದೇಶದ ಗಿರಾಕಿಗಳೆಲ್ಲ ಅವನ ಕೈಯಲ್ಲಿ. ‘ಲಂಡನ್ನಿನವನಿಗೆ ತೋರಿಸುತ್ತೇನೆ, ಮೂರು ದಿನ ಬಿಟ್ಟಿರಿ’ ಅಂದ. ಬಿಟ್ಟೆ. ನಾಲ್ಕನೇ ದಿನ, “ಬೇಡ ಅಂದ್ಬುಟ್ಟ ಆಚಾರ್ರೇ, ಎತ್ಕೊಂಡೋಗಿ” ಅಂತ ಪ್ಲಾಸ್ಟಿಕ್ ಕವರಿನಲ್ಲಿ ಅಂಟಿಸಿ ವಾಪಸು ಕೊಟ್ಟ.

ಬಿಚ್ಚಿ ನೋಡಬೇಕಿತ್ತು. ಐವತ್ತು ವರ್ಷ ಒಡವೆ ತೂಗಿ ಕೊಟ್ಟು ತೂಗಿ ತೆಗೆದುಕೊಂಡವನು ನಾನು, ನೋಡಲಿಲ್ಲ. ಯಾಕೆ? ಅವನೆದುರು ಬಿಚ್ಚಿದರೆ ಅವನೂ ಬಗ್ಗುತ್ತಾನೆ, ನಡುಪುಟ ತೆರೆಯುತ್ತಾನೆ, ಪಿನ್ನಿನ ಮೇಲೆ ಕಣ್ಣು ಬೀಳುತ್ತದೆ. ಆ ಭಯಕ್ಕೆ ಕವರನ್ನು ಕಂಕುಳಿಗೆ ಸಿಕ್ಕಿಸಿ ಬಸ್ಸು ಹತ್ತಿದೆ. ಹಾಗೇ ನಿಂಗಮ್ಮನ ಮನೆಗೆ ಒಯ್ದು ಕೊಟ್ಟೆ.

ಆಕೆ ಕವರು ಹರಿದು ಮೂಸಿ ನೋಡಿದಳು. “ಇದು ನಂದಲ್ಲ.”

“ಅಂಗಂದ್ರೆ?”

“ಟೀ ವಾಸ್ನೆ ಹೊಡೀತದೆ ಕಣಯ್ಯ. ನಮ್ಮ ಪೆಟ್ಗೇಲಿ ನಾನು ಟೀ ಇಕ್ಕಿರ್ನಿಲ್ಲ.”

ನನ್ನ ಕೈಗೆ ತೆಗೆದುಕೊಂಡೆ. ನಿಜ. ಹಳೇ ಕಾಗದ ಅಂಚಿನಿಂದ ಒಳಕ್ಕೆ ಹಳದಿಯಾಗುತ್ತದೆ. ಇದು ಎಲ್ಲ ಕಡೆಯೂ ಒಂದೇ ಬಣ್ಣ. ಈಚೆಗೆ ಅಚ್ಚು ಹಾಕಿದ ನಕಲನ್ನು ಟೀ ನೀರಿನಲ್ಲಿ ಅದ್ದಿ ಒಣಗಿಸಿದ್ದರು. ಪಿನ್ನು ಹೊಚ್ಚ ಹೊಸದು.

“ತಾತ, ಪುಸ್ತಕ ಕೊಟ್ಟಿದ್ದು ನಿಮ್ಮ ಕೈಗೆ,” ಅಂದಳು ಹರ್ಷಿತ. ದನಿ ಏರಿಸಲಿಲ್ಲ, ಅದೇ ಹೆದರಿಕೆಯಾಯಿತು. “ನಾಳೆ ಸಂಜೆಯೊಳಗೆ ನಮ್ಮ ಪುಸ್ತಕ ಬರದಿದ್ರೆ ಕೆ.ಆರ್. ಪೇಟೆ ಸ್ಟೇಷನ್ನಿಗೆ ಹೋಗ್ತೀನಿ. ಕಂಪ್ಲೇಂಟು ನಿಮ್ಮ ಹೆಸರಲ್ಲೇ.”

“ಜೊತೇಲಿ ಬನ್ರವ್ವ,” ಅಂದೆ. “ಬೆಳ್ಳೂರಿಗೆ ಹೋಗಾಣ.”

ಮಾರನೇ ದಿನ ಕೆ.ಆರ್. ಪೇಟೆಗೆ ಬಂದು, ನಾಗಮಂಗಲದಲ್ಲಿ ಬಸ್ಸು ಬದಲಾಯಿಸಿ, ಬೆಳ್ಳೂರು ಕ್ರಾಸಿನಲ್ಲಿ ಇಳಿದಾಗ ಮಧ್ಯಾಹ್ನ ಎರಡೂವರೆ. ದಾರಿಯುದ್ದಕ್ಕೂ ನಿಂಗಮ್ಮ ನನ್ನ ಪಕ್ಕ ಕೂರಲಿಲ್ಲ.

ಜಯಕುಮಾರನ ಮೇಜಿನ ಮೇಲೆ ರಟ್ಟಿನ ಪೆಟ್ಟಿಗೆ ತೆರೆದಿತ್ತು. ಒಳಗೆ ಬಾತುಕೋಳಿ, ಅಲ್ಲ, ಪೆಂಗ್ವಿನ್. ಅವನು ಟೇಪು ಹರಿಯುತ್ತಿದ್ದ. ಗೋಡೆಯ ಮೇಲೆ ಅಂಟಿಸಿದ್ದ ಚೀಟಿ ಓದಿ, ಪಾರ್ಸೆಲ್ಲಿನವನು ಮೂರಕ್ಕೆ ಬರುತ್ತಾನೆ ಅಂತ ಹರ್ಷಿತ ನನಗೆ ಹೇಳಿದಳು. ಮೂರಾದ ಮೇಲೆ ಆ ಪುಸ್ತಕ ಯಾವ ದೇಶಕ್ಕೋ, ಯಾರ ಕೈಗೋ.

“ಅದು ನಮ್ದು!” ಅಂತ ನಿಂಗಮ್ಮ ಕೂಗಿದ ರಭಸಕ್ಕೆ ಹೋಟೆಲಿನಲ್ಲಿ ಊಟ ಮಾಡುತ್ತಿದ್ದವರು ಎಂಜಲು ಕೈಯಲ್ಲೇ ಎದ್ದುಬಂದರು.

ಜಯಕುಮಾರ್ ಅಲುಗಲಿಲ್ಲ. “ಅಮ್ಮ, ಇದು ಮೈಸೂರಿನ ಒಂದು ಮನೇಲಿ ಸಿಕ್ಕಿದ್ದು. ನಿಮ್ದು ನಿಮ್ಗೆ ಕೊಟ್ಟಾಯ್ತಲ್ಲ.”

“ಇಗೋ ಫೋಟೊ,” ಅಂದಳು ಹರ್ಷಿತ.

“ಅಚ್ಚಾದ ಪುಸ್ತಕ ಕಣವ್ವ, ಲಕ್ಷಗಟ್ಲೆ ಅಚ್ಚಾಗಿರ್ತವೆ. ಎಲ್ಲಾದ್ರಲ್ಲೂ ಇದೇ ಹಕ್ಕಿ, ಇದೇ ಸೈಕಲ್ಲು, ಇದೇ ಕಾಗದದ ಪಟಾಕಿ. ಎಲ್ಲಾದ್ರೂ ಹೆಸ್ರು ಬರ್ದಿದ್ರಾ? ಕಲೆ ಐತಾ? ಇಲ್ಲ.” ಆಮೇಲೆ ನನ್ನ ಕಡೆ ತಿರುಗಿ, ಹತ್ತು ಜನರ ಮುಂದೆ ಸವಾಲು ಹಾಕಿದ. “ಆಚಾರ್ರೇ, ಗುರುತು ಯೋಳಿ, ಎತ್ಕೊಂಡೋಗಿ. ನಾನು ತಡೆಯಾಕಿಲ್ಲ.”

ಗುರುತು ನನಗೆ ಗೊತ್ತಿತ್ತು. ನನಗೊಬ್ಬನಿಗೇ ಗೊತ್ತಿತ್ತು. ಹೇಳಿದರೆ ಪುಸ್ತಕ ಆಕೆಗೆ ಸಿಗುತ್ತದೆ, ಆದರೆ ಬೆಲೆ ಅಲ್ಲೇ ಸಾಯುತ್ತದೆ. ಜೊತೆಗೆ ಸುರೇಂದ್ರಾಚಾರಿ ಪುಸ್ತಕ ತಿದ್ದಿ ಮಾರುವವನು ಅಂತ ಸಂಜೆಯೊಳಗೆ ಎಲ್ಲ ಫೋನಿಗೂ ಹೋಗುತ್ತದೆ. ಹೇಳದಿದ್ದರೆ ನಾನು ಕದ್ದವನು.

“ಯೋಳೋ ಆಚಾರಿ,” ಅಂದಳು ನಿಂಗಮ್ಮ.

ಜಯಕುಮಾರ್ ಪೆಟ್ಟಿಗೆಯ ಒಂದು ಮಗ್ಗುಲು ಮಡಚಿದ.

“ನಂಗೆ ಕೇಳ್ತಾ ಇಲ್ವೋ, ನೀನೇ ಮಾತಾಡ್ತಿಲ್ವೋ?”

ಹೊರಗೆ ಪಾರ್ಸೆಲ್ಲಿನವನ ಗಾಡಿ ಹಾರನ್ ಹೊಡೆಯಿತು. ಇನ್ನೊಂದು ಮಗ್ಗುಲೂ ಮಡಚಿದ, ಟೇಪು ಎಳೆದ. ಹರ್ಷಿತ ಫೋನು ಕಿವಿಗಿಟ್ಟುಕೊಂಡಳು. ನಿಂಗಮ್ಮ ನನ್ನ ಮುಖಕ್ಕೆ ಮುಖ ತಂದು, ಆ ದಿನ ಮೊದಲನೇ ಸಲ ಮೆತ್ತಗೆ ಕೇಳಿದಳು: “ನೀನೂ ಅವ್ನೂ ಸೇರ್ಕೊಂಡಿದ್ದೀರೇನಯ್ಯಾ?”

“ತಗೀಲಾ ಪುಸ್ತಕ,” ಅಂದೆ ಜಯಕುಮಾರನಿಗೆ. “ನಡುಪುಟ ಬಿಚ್ಚು.”

ಬಿಚ್ಚಿದ. ಎರಡು ಪಿನ್ನು, ಎರಡೂ ಕಪ್ಪು. ನಾನು ಹಣೆ ಮುಟ್ಟಿಕೊಂಡೆ. ಬೆಳಿಗ್ಗೆ ಹಚ್ಚಿದ ವಿಭೂತಿ ಬೆವರಿನಲ್ಲಿ ನೆನೆದಿತ್ತು. ಅದನ್ನೇ ಹೆಬ್ಬೆರಳಿಗೆ ತೆಗೆದುಕೊಂಡು ಮೇಲಿನ ಪಿನ್ನನ್ನು ಉಜ್ಜಿದೆ. ಒಂದು, ಎರಡು, ಮೂರು ಸಲ. ಬೆಳ್ಳಿ ವಿಭೂತಿಗೆ ಹೇಗೆ ಬೆಳಗುತ್ತದೆ ಅಂತ ನಿಮ್ಮ ಮನೆ ಹೆಂಗಸರನ್ನು ಕೇಳಿ. ಕರಿ ಹೋಯಿತು. ಫಳ್ ಅಂತ ಬಿಳುಪು ಬಂತು.

“ಕಬ್ಬಿಣ ಇಂಗೆ ಒಳೀತದೇನ್ರೋ?” ಅಂತ ಜನರನ್ನು ಕೇಳಿದೆ. “ಇದು ಬೆಳ್ಳಿ. ನನ್ನ ಕೈಯಾರೆ ಎಳ್ದು ಆಕಿದ್ದು. ಕೆಳಗಿಂದೂ ಅದೇಯ. ಮೈಸೂರಿನ ಮನೇಲಿ ಸಿಕ್ಕಿದ ಪುಸ್ತಕಕ್ಕೆ ನನ್ನ ಬೆಳ್ಳಿ ಪಿನ್ನು ಎಂಗ್ ಬಂತು? ಯೋಳ್ಸಿ ಇವ್ನ ಕೈಲಿ.”

ಜನ ಗುಸುಗುಟ್ಟಿದರು. ಒಬ್ಬ ಲಾರಿ ಡ್ರೈವರು ಜಯಕುಮಾರನ ಮೇಜಿಗೆ ಅಡ್ಡ ನಿಂತ. ಪಾರ್ಸೆಲ್ಲಿನವನು ಬಂದವನು ಬಾಗಿಲಲ್ಲೇ ಹಿಂದಕ್ಕೆ ಸರಿದ. ಜಯಕುಮಾರನ ಮುಖ ಒಂದು ಗಳಿಗೆ ಸತ್ತಂತಾಯಿತು, ಆಮೇಲೆ ನಗು ಬಂತು.

“ಅಯ್ಯೋ ಆಚಾರ್ರೇ, ನಿಮ್ ಬುಡಕ್ಕೆ ನೀವೇ ಕೊಡ್ಲಿ ಆಕೊಂಡ್ರಲ್ಲ. ಪಿನ್ನು ಬದ್ಲಾಯ್ಸಿ, ಕಪ್ಪು ಬಳ್ದು ಬಚ್ಚಿಟ್ಟಿದ್ದೀರಿ. ಈಗ ಇದು ರದ್ದಿ. ಎತ್ಕೊಂಡೋಗಿ, ಎತ್ಕೊಂಡೋಗಿ. ಇನ್ನು ನಿಮ್ತಾವ ಯಾವನು ಪುಸ್ತಕ ತಗತಾನೆ ನೋಡ್ತೀನಿ.” ಪುಸ್ತಕವನ್ನು ಮೇಜಿನ ಮೇಲಿಂದ ತಳ್ಳಿದ. ಹರ್ಷಿತ ಹಿಡಿದುಕೊಂಡಳು.

ನಿಂಗಮ್ಮ ಮೊಮ್ಮಗಳ ತೋಳು ಜಗ್ಗಿದಳು. “ಏನಂತೆ?”

“ತಾತ ನಮ್ಮ ಪುಸ್ತಕಕ್ಕೆ ಬೆಳ್ಳಿ ಪಿನ್ನು ಹಾಕವ್ರಂತೆ.”

“ಬೆಳ್ಳಿನಾ? ಅಂಗಾದ್ರೆ ಬೆಲೆ ಜಾಸ್ತಿ ಆಯ್ತಲ್ಲ?”

ಅಷ್ಟು ಜನರಲ್ಲಿ ಒಬ್ಬನೂ ನಗಲಿಲ್ಲ. ಹೋಟೆಲಿನ ಬೆಂಚಿನ ಮೇಲೆ ಕೂರಿಸಿ, ಕಿವಿಯ ಹತ್ತಿರ ಕೂಗಿ ಕೂಗಿ, ನಾನೇ ಎಲ್ಲ ತಿಳಿಸಿದೆ. ಗುಟ್ಟನ್ನು ಕಿವುಡಿಗೆ ಹೇಳುವ ಕಷ್ಟ ನಿಮಗೆ ಗೊತ್ತಿಲ್ಲ ಕಣ್ರಯ್ಯ, ಇಡೀ ಬೆಳ್ಳೂರು ಕ್ರಾಸಿಗೆ ಕೇಳಿಸುತ್ತದೆ. ಆಕೆ ಪುಸ್ತಕದ ಮೇಲೆ ಕೈಯಾಡಿಸಿ, ಈ ಸಲ ನಿಜ ಹೇಳಿ ಮಾರು ಅಂತ ನನ್ನ ಕೈಗೇ ವಾಪಸು ಕೊಟ್ಟಳು.

ಮತ್ತೆ ನಿಂತಿತು ಈ ಹಾಳು ಫೋನು. ಇರಲಿ, ಮುಗೀತಾ ಬಂತು.

ಆ ಪುಸ್ತಕವನ್ನು ಇದ್ದದ್ದು ಇದ್ದ ಹಾಗೆ ಹೇಳಿಯೇ ಮಾರಿದೆ. ಕೊಂಡವನು ಯಾರು? ನಾಗಮಂಗಲದ ಇದೇ ಕಿಶನ್. ಬಂದದ್ದು ಒಂದು ಕಿವಿಗಷ್ಟೇ ಆಯಿತು. ಎರಡನೆಯದು ನನ್ನ ಖರ್ಚು ಅಂದೆ. ನಿಂಗಮ್ಮ ಒಪ್ಪಲಿಲ್ಲ.

“ಬ್ಯಾಡ ಬುಡಯ್ಯ. ನಿನ್ನ ಸುಳ್ಳು ಕೇಳಾಕೆ ಒಂದು ಕಿವಿ ಸಾಕು.”

ಈಗ ಕಿಶನ್, ಏಳು. ಆ ಪುಸ್ತಕ ನಿನ್ನ ಕಪಾಟಿನಲ್ಲೇ ಇದೆಯಲ್ಲ, ತೆಗೆದು ನಡುಪುಟ ಬಿಚ್ಚು. ಮೇಲಿನ ಪಿನ್ನು ಬಿಳಿ, ಕೆಳಗಿನದು ಕಪ್ಪು. ಅಯಸ್ಕಾಂತ ಹಿಡಿದಿದ್ದರೆ ಎರಡೂ ಕಪ್ಪಾಗೇ ಇರಬೇಕಿತ್ತು. ಉಜ್ಜಿದ್ದು ನನ್ನ ಹೆಬ್ಬೆರಳು. ನನ್ನ ನೆನಪಿಗೆ ಸಾಕ್ಷಿ ನಿನ್ನ ಮನೆಯಲ್ಲೇ ಬಿದ್ದಿದೆ, ನೀನು ಊರಿಗೆಲ್ಲ ಬೇರೆ ಕತೆ ಹಂಚುತ್ತೀಯ.

ಇಷ್ಟು ಬಾಯಿ ಮಾಡಿದ್ದು ಅದೊಂದಕ್ಕೇ ಅಲ್ಲ. ನಿಂಗಮ್ಮನದು ಬಿಟ್ಟು ಇನ್ನೂ ಹನ್ನೊಂದು ಪುಸ್ತಕಕ್ಕೆ ಬೆಳ್ಳಿ ಹಾಕಿ, ಹೇಳದೆ ಮಾರಿದ್ದೇನೆ. ಬೆಳ್ಳೂರಿನ ಸುದ್ದಿ ಹರಡಿದ ಮೇಲೆ ನಾಲ್ಕು ವಾಪಸು ಬಂದವು. ಏಳು ಎಲ್ಲಿವೆಯೋ. ಕೊಂಡವರ ಮುಖ ಒಂದೊಂದೂ ನೆನಪಿದೆ, ವಿಳಾಸ ಮಾತ್ರ ಕೇಳಿಟ್ಟುಕೊಂಡಿರಲಿಲ್ಲ. ಹಾರುವ ಮನುಷ್ಯ ಗಡಿಯಾರದ ಗೋಪುರಕ್ಕೆ ಡಿಕ್ಕಿ ಹೊಡೆಯುವ ಅಮೆರಿಕದ್ದನ್ನು ಕುಂಟುತ್ತಿದ್ದ ಮೇಷ್ಟ್ರು ತೆಗೆದುಕೊಂಡರು, ಜೊತೆಯಲ್ಲಿ ನೀಲಿ ಛತ್ರಿ ಇತ್ತು. ಕುದುರೆ ಕಳ್ಳರ ಕತೆಯನ್ನು ಪಾಂಡವಪುರದ ಕಡೆಯ ಒಬ್ಬಳು ಗಂಡನ ಹುಟ್ಟುಹಬ್ಬಕ್ಕೆ ಅಂತ ಒಯ್ದಳು. ಕಿತ್ತ ಹಳೇ ಪಿನ್ನುಗಳೆಲ್ಲ ನನ್ನ ಸುಣ್ಣದ ಡಬ್ಬಿಯಲ್ಲಿವೆ, ಒಂದೊಂದು ಪುಸ್ತಕದ್ದು ಒಂದೊಂದು ಪೊಟ್ಟಣ. ಅಕ್ಕಸಾಲಿ ಲೋಹ ಬಿಸಾಡುವುದಿಲ್ಲ, ನೆಲ ಗುಡಿಸಿದ ಮಣ್ಣನ್ನೂ ಇಟ್ಟುಕೊಳ್ಳುವವರು ನಾವು.

ನನ್ನ ಹತ್ತಿರ ಕೊಂಡವರು ಪಿನ್ನಿಗೆ ಅಯಸ್ಕಾಂತ ಹಿಡಿದು ನೋಡಿ. ಅಂಟದಿದ್ದರೆ ಅದು ನನ್ನ ಬೆಳ್ಳಿ. ತನ್ನಿ, ನಿಮ್ಮೆದುರೇ ಬಿಡಿಸಿ ತುಕ್ಕಿನ ಪಿನ್ನನ್ನು ಅದರ ತೂತಿಗೇ ವಾಪಸು ಹಾಕುತ್ತೇನೆ. ಪುಸ್ತಕವೇ ಬೇಡ ಅಂದರೆ ಕೊಟ್ಟ ದುಡ್ಡು ತೆಗೆದುಕೊಂಡು ಹೋಗಿ. ಕೈ ಇನ್ನೂ ನಡುಗುತ್ತಿಲ್ಲ, ನಡುಗುವ ಮೊದಲು ಬನ್ನಿ. ಆ ಏಳು ಜನ ಈ ಗ್ರೂಪಿನಲ್ಲಿಲ್ಲ. ಹೆಬ್ಬೆಟ್ಟು ಎತ್ತಿದ ಹದಿನಾಲ್ಕು ಜನವೂ ಅದೇ ಬೆರಳಿನಲ್ಲಿ ಇದನ್ನು ನಿಮ್ಮ ನಿಮ್ಮ ಬೇರೆ ಗ್ರೂಪುಗಳಿಗೆ ತಳ್ಳಿ. ನೀಲಿ ಛತ್ರಿಯ ಮೇಷ್ಟ್ರು ಯಾರಿಗಾದರೂ ಗೊತ್ತಿದ್ದರೆ, ಅವರಿಗೆ ಮೊದಲು ಕೇಳಿಸಿ.