ನಗೋದನ್ನ ಒತ್ತಿ ಹೋಗಿ

ನಮ್ಮ ಯುವಜನರ ಮಾನಸಿಕ ಸ್ವಾಸ್ಥ್ಯ ಕೇಂದ್ರದಲ್ಲಿ ತಲೆ ನೆಟ್ಟಗಿರುವವಳು ನಾನೊಬ್ಬಳೇ ಎಂದು ಬಹಳ ದಿನ ನಂಬಿದ್ದೆ. ಬಾಗಿಲ ಬಳಿಯ ಮೇಜು ನನ್ನದು. ಬಂದವರ ಹೆಸರು ಬರೆದುಕೊಳ್ಳಬೇಕು, ಕೂರಿಸಬೇಕು, ಒಳಗೆ ಕಳಿಸಬೇಕು. ಮೊದಲು ಹಲ್ಲಿನ ಆಸ್ಪತ್ರೆಯಲ್ಲಿ ಇದೇ ಕೆಲಸ ಮಾಡುತ್ತಿದ್ದೆ. ಅಲ್ಲಿ ನೋವಿದ್ದವರು ಕೆನ್ನೆ ಹಿಡಿದುಕೊಂಡೇ ಬರುತ್ತಿದ್ದರು, ವಿಚಾರಿಸುವ ಗೋಜಿರಲಿಲ್ಲ. ಇಲ್ಲಿಗೆ ಬರುವ ಹುಡುಗ ಹುಡುಗಿಯರು “ಏನಿಲ್ಲ ಆಂಟಿ, ಸುಮ್ನೆ ಬಂದೆ” ಎನ್ನುತ್ತಾರೆ. ಸುಮ್ಮನೆ ಬರಲು ಇದೇನು ಪಾರ್ಕೇ?

ಗೋಡೆಗೆಲ್ಲ ಹಳದಿ ಬಣ್ಣ. ಹಳದಿ ನೋಡಿದರೆ ಉಲ್ಲಾಸ ಉಕ್ಕುತ್ತದಂತೆ. ನನಗೆ ಉಕ್ಕಿದ್ದು ತಲೆನೋವು. ಕುರ್ಚಿಗಳನ್ನು ತೆಗೆಸಿ, ಕೂತರೆ ಏಳಲಾಗದ ಮೂಟೆಯಂಥ ಮೆತ್ತೆಗಳನ್ನು ಹಾಕಿಸಿದ್ದಾರೆ. ಮಗನ ಚಿಂತೆಯಲ್ಲಿ ಬಂದ ಎಷ್ಟೋ ಅಪ್ಪಂದಿರನ್ನು ನಾನೇ ರಟ್ಟೆ ಹಿಡಿದು ಎಬ್ಬಿಸಿದ್ದೇನೆ.

ಇದೆಲ್ಲ ನಮ್ಮ ನಿರ್ದೇಶಕಿಯ ತಲೆಯಿಂದ ಬಂದದ್ದು. ಹೊರಬಾಗಿಲ ಪಕ್ಕದ ಯಂತ್ರವೂ ಅಷ್ಟೆ. ಅದರ ಪರದೆಯ ಮೇಲೆ ಐದು ಮುಖಗಳು. ಮೊದಲನೆಯದು ಅಳುತ್ತದೆ, ಕೊನೆಯದು ಹಲ್ಲು ಕಿರಿಯುತ್ತದೆ. ಹೋಗುವಾಗ ತಮ್ಮ ಸಂಖ್ಯೆ ಹಾಕಿ, ಮನಸ್ಸು ಹೇಗಿದೆಯೋ ಆ ಮುಖವನ್ನು ಒತ್ತಿ ಹೋಗಬೇಕು. ಮೊದಲ ಸೋಮವಾರವೇ ನಿರ್ದೇಶಕಿ ಕಾಗದ ಹಿಡಿದು ನನ್ನ ಮೇಜಿಗೆ ಬಂದರು.

“ಏನ್ರೀ ಇದು? ಒಂದೇ ವಾರಕ್ಕೆ ಇಪ್ಪತ್ಮೂರು ಅಳುಮುಖ! ಕೊನೇಗೆ ನೋಡೋ ಮುಖ ನಿಮ್ದೇ ತಾನೆ? ಸ್ವಲ್ಪ ಸರಿ ಇಟ್ಕೊಳ್ಳಿ.”

ಮೈ ಉರಿಯಿತು. ನನ್ನ ಮುಖಕ್ಕೇನಾಗಿದೆ ಧಾಡಿ? ಅಂದಿನಿಂದ ಹೊರಗೆ ಬಂದವರಿಗೆಲ್ಲ ನಾನೇ ದಾರಿ ತೋರಿಸತೊಡಗಿದೆ. “ನಗೋದನ್ನ ಒತ್ತಿ ಹೋಗ್ರಪ್ಪಾ, ಹಿಂದೆ ಜನ ಕಾಯ್ತಿದಾರೆ.” ಪಾಪ, ವಿಧೇಯ ಮಕ್ಕಳು. ಕಣ್ಣು ಒರೆಸಿಕೊಳ್ಳುತ್ತಲೇ ನಗೋದನ್ನ ಒತ್ತಿ ಹೋದರು. ತಿಂಗಳ ಕೊನೆಗೆ ನನಗೊಂದು ಹೂಗುಚ್ಛ ಬಂತು, ಗೋಡೆಯ ಮೇಲೆ ನನ್ನ ಫೋಟೋ ಬಂತು. ಸುಳ್ಳೇಕೆ ಹೇಳಲಿ, ಕೋಡು ಮೂಡಿದಂತಾಯಿತು. ಒಬ್ಬೊಬ್ಬರಾಗಿ ಎಷ್ಟೋ ಮಕ್ಕಳು ಬರುವುದು ನಿಂತಿತು. ಗುಣವಾಗಿರಬೇಕು, ನಮ್ಮ ಕೇಂದ್ರ ಅಂದರೆ ಸುಮ್ಮನೆಯೇ ಎಂದು ಹಿಗ್ಗಿದೆ.

ಮಂಗಳವಾರ ನಾಲ್ಕು ಗಂಟೆಗೆ ಒಂದು ಹುಡುಗಿ ಬರುತ್ತಿದ್ದಳು. ಹದಿನೇಳು ವರ್ಷ. ಅಂಗಿಯ ತೋಳನ್ನು ಬೆರಳು ಮುಚ್ಚುವ ತನಕ ಎಳೆದುಕೊಂಡು ಮೆತ್ತೆಯ ತುದಿಯಲ್ಲಿ ಕೂರುತ್ತಿದ್ದಳು. ಅವಳ ಸಲಹೆಗಾರ್ತಿ, ಈ ಕಟ್ಟಡದಲ್ಲಿ ನಿಜವಾಗಿ ಕೆಲಸ ಮಾಡುವ ಏಕೈಕ ವ್ಯಕ್ತಿ, ಕಳೆದ ವಾರ ನನ್ನ ಕಿವಿಯಲ್ಲಿ ಹೇಳಿದ್ದಳು. “ಆ ಹುಡುಗಿ ಮುಂದಿನ ಸಲ ಹೇಳ್ತೀನಿ ಅಂದಿದಾಳೆ ಆಂಟಿ. ಏನೋ ಗಂಟಲ ತನಕ ಬಂದಿದೆ. ದಮ್ಮಯ್ಯ, ಆ ಟೈಮ್ ಯಾರಿಗೂ ಕೊಡ್ಬೇಡಿ.”

ಈ ಮಂಗಳವಾರ ಹುಡುಗಿ ಬಂದಳು. ಅವಳ ಸಂಖ್ಯೆ ಹಾಕಿದರೆ ನನ್ನ ಕಂಪ್ಯೂಟರಿನಲ್ಲಿ ಬಣ್ಣದ ಬಲೂನು ಹಾರಿದವು. ‘ಅಭಿನಂದನೆಗಳು! ಸತತ ಮೂರು ನಗು. ಕಡತ ಮುಕ್ತಾಯ. ಪ್ರಮಾಣಪತ್ರ ಪೋಷಕರಿಗೆ ರವಾನೆಯಾಗಿದೆ.’ ಅವಳ ನಾಲ್ಕು ಗಂಟೆಯನ್ನು ಕಂಪ್ಯೂಟರು ತಾನಾಗಿಯೇ ಬೇರೊಬ್ಬ ಹುಡುಗನಿಗೆ ಕೊಟ್ಟಿತ್ತು, ಗಡಿಯಾರ ನೋಡದೆ ಅವನನ್ನು ಒಳಗೆ ಕಳಿಸಿದವಳೂ ನಾನೇ. ಹೊಸದಾಗಿ ಅರ್ಜಿ ಹಾಕಿದರೆ ಏಳು ವಾರ ಕಾಯಬೇಕು.

“ನೀನು ಗುಣ ಆಗಿದೀಯಂತಲ್ಲೇ” ಎಂದೆ, ಪೆದ್ದಿಯ ಹಾಗೆ.

“ಗೊತ್ತು ಆಂಟಿ, ಸರ್ಟಿಫಿಕೇಟ್ ಬಂತು. ಏನಾದ್ರೂ ತಪ್ಪಾಗಿದೆಯಾ ಅಂತ ಕೇಳೋಕ್ ಬಂದೆ.”

“ಯಾರ್ದು ತಪ್ಪು?”

“ನಂದೇ ಇರ್ಬೇಕು. ಇಷ್ಟೊತ್ತಿಗೆ ಗುಣ ಆಗ್ಬೇಕಿತ್ತು. ಆಗಿಲ್ಲ.”

“ಮತ್ತೆ ಮೂರು ಸಲಾನೂ ನಗೋದನ್ನ ಯಾಕೆ ಒತ್ತಿದೆ?”

“ನೀವೇ ಹೇಳಿದ್ರಲ್ಲ.”

ಅವಳನ್ನು ನನ್ನ ಕುರ್ಚಿಯಲ್ಲೇ ಕೂರಿಸಿ ನಿರ್ದೇಶಕಿಯ ಕೋಣೆಗೆ ಓಡಿದೆ. ಅವರು ಗುರುವಾರದ ತಪಾಸಣೆಗಾಗಿ ಕನ್ನಡಿಯ ಮುಂದೆ ಭಾಷಣ ಅಭ್ಯಾಸ ಮಾಡುತ್ತಿದ್ದರು. ಎಲ್ಲ ಬಾಯಿಬಿಟ್ಟೆ. ಒತ್ತಿಸಿದ್ದು ನಾನು, ಅವಳ ಕಡತ ಮತ್ತೆ ತೆರೆಯಿರಿ ಎಂದೆ.

“ತೆರೆದ್ರೆ ಗ್ರಾಫ್ ಬೀಳತ್ತೆ ಕಣ್ರೀ! ನೂರಾ ಹನ್ನೆರಡು ಮಕ್ಕಳು ಗುಣ ಆಗಿದಾರೆ ಅಂತ ವರದಿ ಹೋಗಿದೆ.”

“ಆ ನೂರಾ ಹನ್ನೆರಡಕ್ಕೂ ನಾನೇ ಹೇಳಿರೋದು ಮೇಡಂ.”

ಅವರ ಮುಖ ಒಂದು ಗಳಿಗೆ ಬಿಳಿಚಿತು. ಆಮೇಲೆ ಮೆಲ್ಲಗೆ ನನ್ನ ಭುಜ ಮುಟ್ಟಿದರು. “ನಿಮಗೆ ಒತ್ತಡ ಜಾಸ್ತಿ ಆಗಿದೆ. ಕಣ್ಮುಚ್ಕೊಂಡು ನಾಲ್ಕು ಸಲ ದೀರ್ಘವಾಗಿ ಉಸಿರಾಡಿ.”

ಉಸಿರಾಡಿದೆ. ನಾಲ್ಕನೆಯದಕ್ಕೂ ಸಿಟ್ಟು ಇಳಿಯಲಿಲ್ಲ. ಬಾಗಿಲನ್ನು ದಢಾರನೆ ಎಳೆದುಕೊಂಡು ಬಂದೆ.

ಹುಡುಗಿ ಹೊರಡಲು ಎದ್ದಿದ್ದಳು. “ಕಡತ ಹಾಳಾಗಿ ಹೋಗ್ಲಿ, ಕೂತ್ಕೋ. ಐದು ಗಂಟೆಗೆ ನಿನ್ನ ಕೌನ್ಸೆಲಿಂಗ್ ಮೇಡಂ ಬಿಡುವಾಗ್ತಾರೆ, ನಾನೇ ಒಳಗೆ ಕಳಿಸ್ತೀನಿ. ಯಾರು ಏನಂತಾರೋ ನೋಡೇಬಿಡ್ತೀನಿ” ಎಂದೆ.

“ಬೇಡ ಆಂಟಿ. ಅಪ್ಪ ಆ ಸರ್ಟಿಫಿಕೇಟಿಗೆ ಫ್ರೇಮ್ ಹಾಕಿಸಿದಾರೆ. ಅತ್ತೆಗೆ, ದೊಡ್ಡಪ್ಪಂಗೆ, ಎಲ್ರಿಗೂ ಫೋನ್ ಮಾಡಿ ಹೇಳಿದ್ರು. ಖುಷಿಗೆ ಅತ್ತೇಬಿಟ್ರು. ಈಗ ಹೋಗಿ ಏನಂತ ಹೇಳ್ಲಿ?”

ಅವಳು ಇವತ್ತು ಹೀಗೇ ಹೋದರೆ ಗಂಟಲಲ್ಲಿರುವುದನ್ನು ನುಂಗಿಬಿಡುತ್ತಾಳೆ, ಮತ್ತೆ ಯಾರ ಹತ್ತಿರವೂ ಹೇಳುವುದಿಲ್ಲ ಎಂಬುದು ನನ್ನಂಥ ದಡ್ಡಿಗೂ ಗೊತ್ತಾಯಿತು. ಭಯವಾಯಿತು.

“ನೀನು ಹೇಳ್ಬೇಡ. ತಪ್ಪು ಮಾಡಿದ್ದು ನಾನು, ನಾನೇ ಹೇಳ್ತೀನಿ. ಹೇಳ್ಲಾ?”

ಹೂಂ ಎಂದು ತಲೆಯಾಡಿಸಿದಳು. ಅವಳಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿ ಅವಳಪ್ಪನಿಗೆ ಫೋನ್ ಮಾಡಿದೆ.

“ನಿಮ್ಮ ಮಗಳಿಗೆ ಇನ್ನೂ ಗುಣ ಆಗಿಲ್ಲ ಸಾರ್.”

“ಏನ್ ತಮಾಷೆ ಮಾಡ್ತಿದೀರಾ? ಸೀಲಿದೆ, ಸಹಿ ಇದೆ. ನೀವ್ಯಾರು ಹೇಳೋಕೆ?”

“ಬಾಗ್ಲಲ್ಲಿ ಕೂರೋಳು. ಲೈನು ಬೇಗ ಸಾಗ್ಲಿ, ನನ್ನ ಮೇಲೆ ಮಾತು ಬರದಿರ್ಲಿ ಅಂತ ನಗೋ ಮುಖ ಒತ್ತಿಸಿದ್ದು ನಾನು. ಅವಳು ದೊಡ್ಡವರ ಮಾತು ಕೇಳಿದ್ದಾಳೆ, ಅಷ್ಟೇ.”

ಬೈಗುಳಕ್ಕೆ ಮೈ ಗಟ್ಟಿಮಾಡಿಕೊಂಡು ನಿಂತೆ. ಆ ಕಡೆಯಿಂದ ಬಂದ ದನಿಯಲ್ಲಿ ಸಿಟ್ಟೆಲ್ಲ ಹೋಗಿತ್ತು.

“ದಿನಾ ಮಲಗೋ ಮುಂಚೆ ಅವಳ ಬಾಗಿಲು ತಟ್ತಿದ್ದೆ ಅಮ್ಮಾ. ನಿದ್ದೆ ಬಂತಾ ಮಗಾ ಅಂತ ಕೇಳ್ತಿದ್ದೆ. ಆ ಕಾಗದ ಬಂದ ದಿನದಿಂದ ನಿಲ್ಲಿಸಿಬಿಟ್ಟೆ.”

ಹುಡುಗಿ ಮೇಜಿನ ಮೇಲೆ ಬಾಗಿ ಫೋನಿಗೆ ಬಾಯಿ ಹತ್ತಿರ ತಂದಳು.

“ನಾನು ಎದ್ದೇ ಇರ್ತಿದ್ದೆ ಅಪ್ಪಾ. ನೀನು ಯಾಕೆ ಬರ್ಲಿಲ್ಲ ಅಂತ ಬಾಗ್ಲು ನೋಡ್ತಾ ಇರ್ತಿದ್ದೆ.”