ಸೋಪುನೀರಿನ ಪರೀಕ್ಷೆ

ನನ್ನ ಗಂಡ ಮರ್ಡೊಗೆ ಎಪ್ಪತ್ತೈದು ತುಂಬಲು ಏಳು ವಾರ ಉಳಿದಿತ್ತು. ಅಷ್ಟರೊಳಗೆ ಒಲೆ, ಹಾಸಿಗೆ ಎಲ್ಲ ಇರುವ ನಮ್ಮ ಹಳೆಯ ಮನೆಗಾಡಿಯನ್ನು ಸಜ್ಜುಮಾಡಿ, ದಕ್ಷಿಣದ ತುದಿಯ ನಮ್ಮೂರು ವಿಂಟನ್‌ನಿಂದ ಹೊರಟು, ಹಡಗಿನಲ್ಲಿ ಜಲಸಂಧಿ ದಾಟಿ ದೇಶದ ಉತ್ತರದ ತುದಿಯವರೆಗೂ ಹೋಗಿಬರಬೇಕೆಂದು ಅವನು ಹಟ ಹಿಡಿದಿದ್ದ. ನಲವತ್ತೊಂದು ವರ್ಷ ಕುರಿ ಸಾಗಿಸುವ ಲಾರಿ ಓಡಿಸಿದವನು. ರಜೆ ಬಂದರೆ ರಸ್ತೆಯ ಹೆಸರೆತ್ತಬೇಡ ಎನ್ನುತ್ತಿದ್ದ. ಈಗ ತಾನಾಗಿ ಹೋಗೋಣ ಎಂದಾಗ ನಾನು ಕಾರಣ ಕೇಳಲಿಲ್ಲ.

ಮೂವತ್ತು ವರ್ಷದ ಗಾಡಿ. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿ ಪಂಪು ಒಡೆದಿತ್ತು, ಹಾಸಿಗೆಗೆ ಬೂಷ್ಟು ಹಿಡಿದಿತ್ತು. ನಾನು ಪರದೆ ಹೊಲಿದೆ. ಅವನು ಪಂಪು ಬದಲಿಸಿದ, ಚಾವಣಿಯ ಸೀಳುಗಳಿಗೆಲ್ಲ ಅಂಟು ತುಂಬಿದ. ಮೊದಲ ಮಳೆಗೇ ಹಾಸಿಗೆಯ ಮೇಲೆ ತೊಟ್ಟಿಕ್ಕಿತು. ಏಣಿ ಹತ್ತಿ ನೋಡಿದರೆ ಒಂದು ಗೇಣು ಸೀಳು ಹಾಗೇ ಬಾಯಿ ಬಿಟ್ಟುಕೊಂಡಿತ್ತು.

"ಕೆಲಸಗಳ್ಳ," ಎಂದು ಛೇಡಿಸಿದೆ.

"ಒಂದು ಗೇಣಿಗೆ ಇಷ್ಟು ರಂಪಾನಾ?" ಎಂದ. ನಗಲಿಲ್ಲ.

ಮರುವಾರ ಒಲೆಯ ಗ್ಯಾಸ್ ಕೊಳವೆ ಬದಲಿಸಿದ. ಸೋರುತ್ತಿದೆಯೇ ಎಂದು ನೋಡಲು ಸಿಲಿಂಡರಿನ ತಿರುಪು ತೆರೆದು, ಜೋಡಣೆಗೆ ಬ್ರಷ್ಷಿನಿಂದ ಸೋಪುನೀರು ಬಳಿದ. ನಾನು ಟಾರ್ಚು ಹಿಡಿದಿದ್ದೆ. ಕಣ್ಣೆದುರೇ ಗುಳ್ಳೆಗಳು ಉಕ್ಕಿಬಂದವು. ಅವನು ನೇರ ಅದನ್ನೇ ನೋಡುತ್ತ, "ಏನೂ ಇಲ್ಲ. ಭದ್ರವಾಗಿದೆ. ಚಹಾಕ್ಕೆ ನೀರಿಡು," ಎಂದ.

ತಮಾಷೆ ಎಂದುಕೊಂಡೆ. "ಇನ್ನೊಂದ್ಸಲ ನೋಡು."

ಕೋಳಿಯ ಹಾಗೆ ಕತ್ತು ಓರೆ ಮಾಡಿದ. "ಇಲ್ಲ ಅಂದ್ನಲ್ಲ ನೋಲೀನ್!"

ನಾನು ಹೋಗಿ ಸಿಲಿಂಡರ್ ಬಂದ್ ಮಾಡಿದೆ. "ಗುಳ್ಳೆ ಬರ್ತಿದೆ ಮರ್ಡೊ. ನನ್ನ ಮುಷ್ಟಿಯಷ್ಟು."

ಅವನು ಮೆಟ್ಟಿಲ ಮೇಲೆ ಕುಸಿದು ಕುಳಿತ. "ನಡುವೆ ಏನೂ ಕಾಣಲ್ಲ. ಅಂಚು ಮಾತ್ರ. ನಿನ್ನ ಕಿವಿ ಕಾಣತ್ತೆ, ಮುಖ ಕಾಣಲ್ಲ."

"ಯಾವಾಗಿಂದ?"

"ಮಾರ್ಚ್‌ನಲ್ಲೇ ಕಣ್ಣಿನ ಡಾಕ್ಟ್ರು ಹೇಳಿದ್ರು. ಸ್ಟೀರಿಂಗ್ ಮುಟ್ಬೇಡ ಅಂತ. ಆರು ತಿಂಗಳಾಯ್ತು."

"ಆದ್ರೂ ನನ್ನ ಪಕ್ಕದಲ್ಲಿ ಕೂರಿಸ್ಕೊಂಡು ಓಡಿಸ್ತಿದ್ದೆಯಾ?"

"ಎಪ್ಪತ್ತೈದಾದ್ಮೇಲೆ ಡಾಕ್ಟ್ರ ಚೀಟಿ ಇಲ್ದೆ ಲೈಸೆನ್ಸ್ ಕೊಡಲ್ಲ. ಅದಕ್ಕೆ ಮುಂಚೆ ಒಂದೇ ಒಂದ್ಸಲ... ಆ ರಸ್ತೆಗಳೆಲ್ಲ ನಂಗೆ ಬಾಯಿಪಾಠ ಕಣೆ."

"ರಸ್ತೆ ದಾಟೋ ಮಕ್ಕಳೂ ಬಾಯಿಪಾಠಾನಾ?"

ಮರುದಿನ ಗ್ಯಾಸ್ ಕೆಲಸ ಬಲ್ಲವನನ್ನು ಕರೆಸಿ ಜೋಡಣೆ ಸರಿಮಾಡಿಸಿದೆ. ಮೂರನೆಯ ದಿನ ಕೀಲಿ ತೆಗೆದುಕೊಂಡು ಅವನೆದುರು ನಿಂತೆ. "ಓಡಿಸೋದು ಹೇಳ್ಕೊಡು. ಲೈಸೆನ್ಸ್ ನಂಗೂ ಇದೆ, ಅಭ್ಯಾಸ ತಪ್ಪಿದೆ ಅಷ್ಟೆ."

"ನೀನಾ? ಗೇಟು ಉಳಿಯಲ್ಲ."

ಗೇಟು ನಿಜಕ್ಕೂ ಉಳಿಯಲಿಲ್ಲ. ಪಕ್ಕದವರ ಖಾಲಿ ಹುಲ್ಲುಗಾವಲಿನಲ್ಲಿ ನಾಲ್ಕು ವಾರ ಸುತ್ತಿದೆ. ಅವನು ಎಂಜಿನ್ ಸದ್ದು ಕೇಳಿಯೇ ಗದರುತ್ತಿದ್ದ: "ಗೇರ್ ಬದಲಿಸು! ಅದು ಅಳ್ತಿದೆ, ಕೇಳ್ಸಲ್ವಾ?"

ಕೊನೆಗೆ ಹೊರಟೆವು. ದಾರಿಯುದ್ದಕ್ಕೂ ಅವನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಮೊದಮೊದಲು ಅಲ್ಲಿ ತಿರುವು, ಇಲ್ಲಿ ಇಳಿಜಾರು ಎನ್ನುತ್ತಿದ್ದವನು ಆಮೇಲೆ ಕೈಗಳನ್ನು ತೊಡೆಯ ನಡುವೆ ಇಟ್ಟುಕೊಂಡು ಸುಮ್ಮನಾದ. ಎರಡನೆಯ ದಿನ ಮಧ್ಯಾಹ್ನ ಪುಕಾಕಿ ಸರೋವರದ ದಂಡೆಯಲ್ಲಿ ಗಾಡಿ ನಿಲ್ಲಿಸಿದೆ.

"ಏನಿದೆ ಅಲ್ಲಿ?" ಎಂದು ಕೇಳಿದ.

ವರ್ಣಿಸುವುದು ನನಗೆಲ್ಲಿ ಬರುತ್ತದೆ? "ನೀರು. ಹಾಲು ಬೆರೆಸಿದ ಹಾಗೆ ನೀಲಿ. ಆಚೆ ಬೆಟ್ಟ, ಮೇಲೆಲ್ಲ ಹಿಮ."

"ಸಾವಿರ ಸಲ ಈ ದಾರೀಲಿ ಹೋಗಿದೀನಿ," ಎಂದ. "ತಡವಾದ್ರೆ ಲಾರೀಲಿರೋ ಕುರಿ ಸಾಯ್ತವೆ ಅಂತ ಒಂದ್ಸಲಾನೂ ನಿಲ್ಲಿಸ್ಲಿಲ್ಲ."

ಕತ್ತನ್ನು ಎಡಕ್ಕೆ, ಬಲಕ್ಕೆ ಓರೆ ಮಾಡಿ ಬಹಳ ಹೊತ್ತು ಯತ್ನಿಸಿದ. ಬೆಟ್ಟದ ಬುಡ ಸಿಕ್ಕಿತಂತೆ, ತುದಿ ಸಿಗಲಿಲ್ಲ.

ಮರುದಿನ ಬೆಳಿಗ್ಗೆ ಹಾಸಿಗೆಯಲ್ಲೇ ಹೇಳಿದ: "ಮನೆಗೆ ಹೋಗೋಣ. ಪಕ್ಕದ ಸೀಟಲ್ಲಿ ಸಾಮಾನಿನ ಹಾಗೆ ಕೂತ್ಕೊಂಡು ಹೋಗೋಕೆ ನನ್ನಿಂದಾಗಲ್ಲ."

ಮುಂದೆ ಹೋಗುವ ಆಸೆ ಈಗ ನನಗೆ ಹತ್ತಿಕೊಂಡಿತ್ತು. ನಾಲ್ಕು ವಾರ ಹೆದರಿ ಹೆದರಿ ಕಲಿತ ಕೈಗಳು ಈಗಷ್ಟೇ ಪಳಗಿದ್ದವು. ಆದರೂ ಅವನ ಮುಖ ನೋಡಿ ಎದ್ದು ಕೀಲಿ ತೆಗೆದುಕೊಂಡೆ.

ಗಾಡಿಯನ್ನು ದಕ್ಷಿಣಕ್ಕೆ ತಿರುಗಿಸಿದೆ. ಪಕ್ಕದ ಕನ್ನಡಿಯಲ್ಲಿ ಆ ಬೆಟ್ಟ ಎಷ್ಟೋ ದೂರದವರೆಗೆ ನಮ್ಮ ಹಿಂದೆಯೇ ಇತ್ತು. ನಾನು ನೋಡುತ್ತಲೇ ಇದ್ದೆ. ಅವನಿಗೆ ಹೇಳಲಿಲ್ಲ.